ಉಸಿರಿರೋದನ್ನ ಎಣಿಸಬಾರದು

ಚಿನ್ನಮ್ಮ ರೇಷ್ಮೆ ಹುಳು ಸಾಕಲು ಶುರುಮಾಡಿ ಮೂವತ್ತೆಂಟು ವರ್ಷ ಆಯಿತು. ಇವತ್ತಿನವರೆಗೂ ಒಂದೇ ಒಂದು ಹುಳುವನ್ನು ಎಣಿಸಿದವಳಲ್ಲ.

ಮರಿ ತರಲು ಹೋದಾಗ, ಮೊಟ್ಟೆ ಒಡೆಸಿ ಮರಿ ಮಾಡಿಕೊಡೋ ಚಾಕಿ ಸೆಂಟರಿನವರು "ಎಷ್ಟು ಮೊಟ್ಟೆದು ಬೇಕಮ್ಮ?" ಅಂತ ಕೇಳಿದರೆ "ನೂರು ಮೊಟ್ಟೆದು ಕೊಡಿ" ಅನ್ನುತ್ತಾಳೆ. ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟದ್ದಷ್ಟೂ, ನಾನೂರು ಐನೂರು ಮರಿ. ಮೊಟ್ಟೆಯ ಲೆಕ್ಕ ಅವರ ಪಾಡು, ದೃಷ್ಟಿ ತಾಗಿದರೆ ಅವರಿಗೇ ತಾಗಲಿ. ಮರಿಯಾಗಿ ತನ್ನ ಹೊಸಿಲು ದಾಟಿದ ಮೇಲೆ ಮಾತ್ರ "ಎಷ್ಟಿವೆ" ಅನ್ನೋ ಮಾತು ಆ ಹುಳುವಿನ ಮನೆಯಲ್ಲಿ ಏಳಕೂಡದು. "ಚೆನ್ನಾಗವೆ" ಅಂತಲೂ ಅನ್ನಕೂಡದು. ಯಾರಾದರೂ ಕೇಳಿದರೆ "ಏನೋ, ಅವೆ" ಅಂದು ಮಾತು ತಿರುಗಿಸಬೇಕು. ಇದು ಅವಳ ಅತ್ತೆ ಕಲಿಸಿದ್ದು. ಅತ್ತೆಗೆ ಅವಳ ಅತ್ತೆ ಕಲಿಸಿದ್ದು.

ನರಸೀಪುರದಿಂದ ನಂಜನಗೂಡಿಗೆ ಹೋಗೋ ರಸ್ತೆಯಲ್ಲಿ, ನಾಲೆ ದಾಟಿದ ಮೇಲೆ ಬಲಕ್ಕೆ ತಿರುಗಿದರೆ ಇವರ ಊರು. ಊರಲ್ಲಿ ಎಲ್ಲರಿಗೂ ಗೊತ್ತು, ಚಿನ್ನಮ್ಮ ಹುಳುವನ್ನು ನೋಡುವುದು ಕಣ್ಣಿಂದಲ್ಲ, ಕಿವಿಯಿಂದ. ಗಂಡ ಚಾಮಯ್ಯ ತೀರಿಕೊಂಡಾಗ ಹುಳು ಮೂರನೇ ಜ್ವರದಿಂದ ಎದ್ದಿದ್ದವು. ಹುಳು ಸೊಪ್ಪು ಬಿಟ್ಟು, ತಲೆಯೆತ್ತಿ, ಪೊರೆ ಕಳಚೋವರೆಗೂ ಮಲಗುತ್ತವಲ್ಲ, ಅದಕ್ಕೆ ಜ್ವರ ಅಂತಾರೆ. ಎದ್ದ ಮೇಲೆ ಅವಕ್ಕೆ ಭಾರಿ ಹಸಿವು. ಸೂತಕದವಳು ಒಳಗೆ ಕಾಲಿಡೋ ಹಾಗಿಲ್ಲ. ಚಿನ್ನಮ್ಮ ಬಾಗಿಲಾಚೆ ಗೋಡೆಗೆ ಒರಗಿ ಕೂತಿದ್ದಳು. ಅಷ್ಟು ಅಳುವಿನ ನಡುವೆಯೂ ಸೊಪ್ಪು ಹಾಕುತ್ತಿದ್ದ ಪಕ್ಕದ ಮನೆಯವಳಿಗೆ, "ಮೂಲೆ ತಟ್ಟೆಗೆ ಸೊಪ್ ಬಿದ್ದಿಲ್ಲ ಕಣವ್ವ, ಸದ್ದಿಲ್ಲ ಅಲ್ಲಿ" ಅಂದಳಂತೆ. ಹೋಗಿ ನೋಡಿದರೆ ನಿಜ.

ಇಂಥ ಚಿನ್ನಮ್ಮನಿಗೆ ಮೊಮ್ಮಗಳು ಕವನ.

ಮಗ ಶಿವಮೂರ್ತಿ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಾನೆ. ಸೊಸೆ ದಿವ್ಯ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಗೆ ಹೋಗುತ್ತಾಳೆ, ಬೆಳಗ್ಗೆ ಏಳರ ಬಸ್ಸಿಗೆ ಹೊರಟರೆ ಸಂಜೆ ಏಳಕ್ಕೆ ಮನೆ. ಹಾಗಾಗಿ ಕವನ ಬೆಳೆದದ್ದೆಲ್ಲ ಅಜ್ಜಿಯ ಸೆರಗಿನ ಹತ್ತಿರವೇ. ನಾಲ್ಕು ವರ್ಷವಾದರೂ ಹುಡುಗಿಗೆ ಮಾತಿಲ್ಲ. ಒಂದು ದಿನ ಅಂಗಳದಲ್ಲಿ ನಿಂತವಳು ಇದ್ದಕ್ಕಿದ್ದ ಹಾಗೆ, "ರೈಟ್, ರೈಟ್! ಮುಂದ್ಕೋಗ್ರಿ!" ಅಂದಳು. ಥೇಟ್ ಆರೂವರೆ ಬಸ್ಸಿನ ಕಂಡಕ್ಟರ್ ಗಂಟಲು. ಬೀದಿ ಬೀದಿಯೇ ನಕ್ಕಿತು. ಚಿನ್ನಮ್ಮ ಮಾತ್ರ ಮಾರನೇ ದಿನ ಬಸ್ ನಿಲ್ಲಿಸಿ ಆ ಕಂಡಕ್ಟರ್ ಕೈಗೆ ಒಂದು ಅಚ್ಚು ಬೆಲ್ಲ ಇಟ್ಟಳು. "ಯಾಕವ್ವ?" ಅಂದ ಅವನು. "ನಮ್ ಮಗೀಗೆ ಮಾತ್ ಕಲ್ಸಿದ್ದೀಯಪ್ಪ, ತಿನ್ನು" ಅಂದಳು.

ಐದು ವರ್ಷಕ್ಕೆ ಮೈಸೂರಿನ ಡಾಕ್ಟರು ಆಟಿಸಂ ಅಂದರು. ಹುಡುಗಿ ಲೋಕವನ್ನು ನೋಡುವ ರೀತಿ ಬೇರೆ, ಸದ್ದು ಬೆಳಕು ಅವಳಿಗೆ ತಾಗುವ ರೀತಿ ಬೇರೆ ಅಂತ ಬಿಡಿಸಿ ಹೇಳಿದರು. ಚಿನ್ನಮ್ಮ ಕೇಳಿಸಿಕೊಂಡಳು. ಬೇರೆ ಅಂದರೆ ಬೇರೆ. ನೂರು ಮೊಟ್ಟೆಯ ಮರಿ ಸಾಕಿದವಳಿಗೆ ಎಲ್ಲವೂ ಒಟ್ಟಿಗೆ ಜ್ವರಕ್ಕೆ ಹೋಗಲ್ಲ, ಒಟ್ಟಿಗೆ ಏಳಲ್ಲ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕವನಳಿಗೆ ಹುಳು ಮುಟ್ಟಲು ಆಗದು. ಅದರ ಮೆತ್ತನೆ ಮೈ ಬೆರಳಿಗೆ ತಾಗಿದರೆ ಕೂಗಿ ಓಡುತ್ತಾಳೆ. ಆದರೆ ಸೊಪ್ಪಿನ ಹೊತ್ತು ಮಾತ್ರ ಅವಳದೇ ಸುಪರ್ದಿ. ಆರು, ಹನ್ನೊಂದು, ನಾಲ್ಕು, ಒಂಬತ್ತು. ಐದು ನಿಮಿಷ ತಡವಾದರೆ ಹುಳುವಿನ ಮನೆ ಬಾಗಿಲಲ್ಲಿ ನಿಂತು ಕೈ ಒದರುತ್ತಾಳೆ. "ನಿಮ್ಮತ್ತೆ ಸತ್ತೋದ್ರು ಅಂದ್ಕೊಂಡಿದ್ದೆ ಚಿನ್ನಕ್ಕ, ವಾಪಸ್ ಬಂದವ್ರೆ" ಅಂತ ಪಕ್ಕದ ಮನೆ ಮಾದು ಅಣಕಿಸುತ್ತಾನೆ.

ಊರ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಯೋ ಹೊತ್ತಿಗೆ ಸರ್ಟಿಫಿಕೇಟಿಗೆ ಬುದ್ಧಿಮಟ್ಟದ ಪರೀಕ್ಷೆ ಮಾಡಿಸಬೇಕು ಅಂತ ಆಯಿತು. ಅವತ್ತು ಹುಳು ಜ್ವರದಲ್ಲಿದ್ದವು, ಚಿನ್ನಮ್ಮ ಹೋಗಲಿಲ್ಲ. ಶಿವಮೂರ್ತಿಯೇ ಮೈಸೂರಿಗೆ ಕರಕೊಂಡು ಹೋಗಿ ಬಂದ. ಎರಡು ತಿಂಗಳ ಮೇಲೆ ಪೋಸ್ಟಲ್ಲಿ ಕಾಗದ ಬಂತು. ಇಂಗ್ಲಿಷಿನ ಮೂರು ಹಾಳೆ. ಶಿವಮೂರ್ತಿಗೆ ಅದರಲ್ಲಿ ಕಂಡದ್ದು ಒಂದೇ.

"ಐಕ್ಯೂ ನಲವತ್ನಾಲ್ಕು ಅಂತ ಬರ್ದವ್ರೆ ಕಣವ್ವ."

"ನೂರಕ್ಕಾ?"

"ಇನ್ನೆಷ್ಟಕ್ಕೆ? ನೂರಕ್ಕೇ ಇರ್ಬೇಕು."

"ಮೂವತ್ತೈದಕ್ಕೆ ಪಾಸಲ್ವೇನ್ಲಾ!"

ಅಷ್ಟೇ. ಚಿನ್ನಮ್ಮ ಡಬ್ಬದ ತಳದಲ್ಲಿದ್ದ ತುಪ್ಪವನ್ನೆಲ್ಲ ಸುರಿದು ದೊಡ್ಡ ಬೋಸಿಯಲ್ಲಿ ಕೇಸರಿಬಾತು ಮಾಡಿದಳು. ಮೈಸೂರಿನ ದೊಡ್ಡ ಪರೀಕ್ಷೆಯಲ್ಲಿ ಮೊಮ್ಮಗಳು ಪಾಸಾಗವ್ಳೆ ಅಂತ ಮನೆ ಮನೆಗೂ ಹಂಚಿದಳು. ಮಾದು ಎರಡು ಸಲ ಹಾಕಿಸಿಕೊಂಡು, "ನಮ್ಮುಡ್ಗಂಗೆ ಲೆಕ್ಕದಲ್ಲಿ ಸರ್ಯಾಗಿ ಮೂವತ್ತೈದು ಕೊಟ್ಟು ತಳ್ಳಿದ್ರು ಕಣಕ್ಕ, ನಿಮ್ಮುಡ್ಗೀನೇ ವಾಸಿ" ಅಂದ.

ಜೂನಲ್ಲಿ ಎಂಟನೇ ಕ್ಲಾಸಿಗೆ ಸೇರಿಸಲು ಹೈಸ್ಕೂಲಿಗೆ ಹೋದರು. ಚಿನ್ನಮ್ಮ, ಅರ್ಧ ದಿನ ರಜೆ ಹಾಕಿದ ದಿವ್ಯ, ಮತ್ತೆ ಕವನ. ಹೆಡ್‌ಮಾಸ್ಟರ್ ನಂಜುಂಡೇಶ್ ಕೆಟ್ಟವರಲ್ಲ. ಕುರ್ಚಿ ಹಾಕಿಸಿದರು, ಕಾಗದ ಓದಿದರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಾಸಾಗವ್ಳೆ ಸಾ" ಅಂದಳು ಚಿನ್ನಮ್ಮ, ಅವರು ಕೇಳೋ ಮೊದಲೇ.

"ಅವ್ವಾ, ಇದು ಮಾರ್ಕ್ಸ್ ಅಲ್ಲ" ಅಂದರು ನಂಜುಂಡೇಶ್ ಮೆಲ್ಲಗೆ. "ಇದ್ರಲ್ಲಿ ನೂರು ಅಂದ್ರೆ ಎಲ್ರಂಗಿರೋ ಮಕ್ಳು. ನಲವತ್ನಾಲ್ಕು ಅಂದ್ರೆ ತೀರಾ ಕೆಳಗೆ. ಓದೋದು ಬರೆಯೋದು ಕಷ್ಟ ಅಂತ ಅರ್ಥ."

ದಿವ್ಯ ತಲೆ ತಗ್ಗಿಸಿದಳು. ಅವಳಿಗೆ ಮೊದಲೇ ಅನುಮಾನ ಇತ್ತು. ಅತ್ತೆ ಬೋಸಿ ಹಿಡಿದು ಬೀದಿಗಿಳಿದಾಗ ಹೇಳಲು ಬಾಯಿ ಬಂದಿರಲಿಲ್ಲ.

"ಸೇರಿಸ್ಕೊಳಲ್ಲ ಅನ್ನೋ ಹಾಗಿಲ್ಲ ನಾನು, ಕಾನೂನಿದೆ. ಆದ್ರೆ ಇಲ್ಲಿ ಎಂಟು ಜನ ಇರಬೇಕಾದ ಕಡೆ ಐದು ಜನ ಮೇಷ್ಟ್ರು. ಮಗು ಸುಮ್ನೆ ಮೂಲೇಲಿ ಕೂತು ಹೋಗೋ ಹಾಗಾಗಬಾರ್ದು. ಮೈಸೂರಲ್ಲಿ ಇಂಥ ಮಕ್ಳಿಗೇ ಅಂತ ಹಾಸ್ಟೆಲ್ ಇರೋ ಸ್ಕೂಲಿದೆ. ನಾನೇ ಮಾತಾಡ್ತೀನಿ. ಸೋಮವಾರ ಹೇಳ್ತೀರಾ?"

ಕವನ ಹೊರಗೆ ಜಗಲಿಯಲ್ಲಿ ಕಿಟಕಿ ಸರಳು ಮುಟ್ಟುತ್ತಾ "ಹನ್ನೆರಡು, ಹದಿಮೂರು, ಹದಿನಾಲ್ಕು" ಅನ್ನುತ್ತಿದ್ದಳು.

ಬಸ್ಸಿನಲ್ಲಿ ದಿವ್ಯ, "ಅಲ್ಲಾದ್ರೂ ಏನಾದ್ರೂ ಕಲೀತಾಳೇನೋ ಅತ್ತೆ. ನಾನಂತೂ ಇಡೀ ದಿನ ಮನೇಲಿರಲ್ಲ" ಅಂದು ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಚಿನ್ನಮ್ಮ, ಹಾಸ್ಟೆಲಿನಲ್ಲಿ ನಾಲ್ಕು ಗಂಟೆಗೆ ಈ ಮಗು ಯಾವ ಬಾಗಿಲಲ್ಲಿ ನಿಂತು ಕೈ ಒದರಬೇಕು ಅಂತ ಯೋಚಿಸುತ್ತಿದ್ದಳು.

ಸಂಜೆ ಮಗನನ್ನು ಹಿಡಿದು ಕೂರಿಸಿದಳು. "ಅವತ್ತು ಏನೇನ್ ಕೇಳುದ್ರು, ಒಂದೂ ಬಿಡ್ದೆ ಯೋಳ್ಲಾ."

"ಏನೋ ಚಿತ್ರ ತೋರ್ಸಿದ್ರು ಕಣವ್ವ. ಬಾತುಕೋಳಿ. ಎಷ್ಟವೆ ಅಂತ ಕೇಳುದ್ರು, ಹೇಳ್ಲಿಲ್ಲ. ಮರದ್ ಮೇಲೆ ಐದು ಹಕ್ಕಿ, ಎರಡು ಹಾರೋದ್ವು, ಉಳ್ದಿದ್ದೆಷ್ಟು ಅಂದ್ರು. ಅದೂ ಹೇಳ್ಲಿಲ್ಲ. ಆಮೇಲೆ ಏನ್ ಕೇಳುದ್ರೂ ಬಾಯೇ ಬಿಡ್ಲಿಲ್ಲ. ಎರಡೂ ಕೈನ ತೊಡೆ ಕೆಳಕ್ಕೆ ಇಟ್ಕೊಂಡು ಕೂತ್ಬುಟ್ಲು."

ತೊಡೆ ಕೆಳಗೆ ಕೈ ಅನ್ನೋದು ಕೇಳಿದ್ದೇ ಚಿನ್ನಮ್ಮನಿಗೆ ತನ್ನದೇ ಕೂಗು ನೆನಪಾಯಿತು.

ಎಂಟು ವರ್ಷದ ಹಿಂದಿನ ಮಾತು. ಕವನ ಆಗಷ್ಟೇ ಎಣಿಸಲು ಕಲಿತಿದ್ದಳು. ಕಂಡದ್ದೆಲ್ಲ ಎಣಿಸುವಳು. ಒಂದು ಮಧ್ಯಾಹ್ನ ಹುಳುವಿನ ಮನೆಗೆ ನುಗ್ಗಿ ತಟ್ಟೆಯ ಮುಂದೆ ನಿಂತು, ಬೆರಳು ತೋರಿಸಿ, ಒಂದರಿಂದ ನೂರರವರೆಗೆ, ಮತ್ತೆ ಒಂದರಿಂದ ನೂರರವರೆಗೆ. ಅದಾದ ಮೂರನೇ ದಿನಕ್ಕೆ ಹುಳುವಿಗೆ ಹಾಲುತೊಂಡೆ ರೋಗ ತಗುಲಿತು. ಗೂಡು ಕಟ್ಟಬೇಕಾದ ಹುಳು ಊದಿಕೊಂಡು ಒಡೆದು ಸತ್ತವು. ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಆ ಸಂಕಟದಲ್ಲಿ ಚಿನ್ನಮ್ಮ ಮಗುವಿನ ಎರಡೂ ಕೈ ಹಿಡಿದು, "ಉಸ್ರಿರೋದನ್ನ ಎಣಿಸ್ಬಾರ್ದು! ಕೈನ ತೊಡೆ ಕೆಳ್ಗೆ ಇಟ್ಕೊ! ಇನ್ನೊಂದ್ಸಲ ಎಣಿಸಿದ್ರೆ ನೋಡು!" ಅಂತ ಕೂಗಿದ್ದಳು. ಆ ಒಂದು ಸಲ ಬಿಟ್ಟರೆ ಮೊಮ್ಮಗಳಿಗೆ ಅವಳು ಗದರಿದ್ದೇ ಇಲ್ಲ. ಸಂಜೆಗೆ ತಾನೇ ಮರೆತಿದ್ದಳು.

ಚಿನ್ನಮ್ಮ ಎದ್ದು ಹೋಗಿ ಒಂದು ಹಿಡಿ ಹುಣಸೆ ಬೀಜ ತಂದು ಕವನಳ ಮುಂದೆ ಸುರಿದಳು. "ಎಷ್ಟು ಮಗಾ?"

"ಇಪ್ಪತ್ಮೂರು." ಕಣ್ಣು ಮಿಟುಕಿಸುವಷ್ಟರಲ್ಲಿ.

ಅಂಗಳದಲ್ಲಿ ಮಾದುವಿನ ಕೋಳಿಗಳು ಮೇಯುತ್ತಿದ್ದವು. "ಅವು ಎಷ್ಟವೆ?"

ಕವನಳ ಕೈ ಎರಡೂ ತೊಡೆಯ ಕೆಳಗೆ ಹೋದವು.

"ಯಾಕವ್ವ? ಯೋಳು, ನಾನ್ ಬೈಯಲ್ಲ."

"ಉಸ್ರಿರೋದನ್ನ ಎಣಿಸ್ಬಾರ್ದು" ಅಂದಳು ಕವನ. ಅದು ಹದಿಮೂರು ವರ್ಷದ ಹುಡುಗಿಯ ದನಿಯಾಗಿರಲಿಲ್ಲ. ಎಂಟು ವರ್ಷದ ಹಿಂದಿನ ಚಿನ್ನಮ್ಮನದೇ ದನಿ, ಅದೇ ಒಡಕು, ಅದೇ ಸಂಕಟ, ಒಂದು ಚೂರೂ ಕೆಡದ ಹಾಗೆ ಇಟ್ಟುಕೊಂಡಿದ್ದಳು.

ಚಿನ್ನಮ್ಮ ಹುಣಸೆ ಬೀಜದ ನಡುವೆಯೇ ಕೂತುಬಿಟ್ಟಳು.

ಮಾರನೇ ದಿನ ಹುಳು ಹಣ್ಣಾಗುವ ದಿನ. ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಗೆ ತಿರುಗಿದ ಹುಳುವನ್ನು ಆಯ್ದು ಆಯ್ದು ಬಿದಿರು ಹೆಣೆದ ಚಂದ್ರಿಕೆಗೆ ಬಿಡಬೇಕು, ಗೂಡು ಕಟ್ಟಲಿ ಅಂತ. ಅರ್ಧ ದಿನ ಮೈಮರೆತರೂ ಕೆಟ್ಟಿತು. ಮೂವತ್ತೆಂಟು ವರ್ಷದಲ್ಲಿ ಆ ಹೊತ್ತಿನಲ್ಲಿ ಚಿನ್ನಮ್ಮ ಊರು ಬಿಟ್ಟದ್ದಿಲ್ಲ. ಬೆಳಗ್ಗೆ ಒಳ್ಳೆ ಸೀರೆ ಉಟ್ಟು ನಿಂತವಳನ್ನು ನೋಡಿ ಶಿವಮೂರ್ತಿ ಗಾಬರಿಯಾದ.

"ಅವ್ವಾ, ಇವತ್ತು ಬಿಟ್ಟೋದ್ರೆ ಹೆಂಗವ್ವ?"

"ನೀನಿಲ್ವೇನ್ಲಾ? ಮಾದೂನ ಕರ್ಕೊ, ಅವ್ನ ಹೆಂಡ್ತೀನ ಕರ್ಕೊ. ಇಷ್ಟ್ ವರ್ಸ ಉಳ ಕಾದಿವ್ನಿ. ಎರಡ್ ದಿನ ಮಗೀನ ಕಾಯ್ತೀನಿ."

ಆಧಾರ್ ಕಾರ್ಡ್ ತೋರಿಸಿ, ಬಿಟ್ಟಿ ಟಿಕೆಟ್ ಹರಿಸಿಕೊಂಡು, ಅಜ್ಜಿ ಮೊಮ್ಮಗಳು ನರಸೀಪುರದಿಂದ ಮೈಸೂರು ಬಸ್ ಹತ್ತಿದರು. ಮೊದಲು ಪರೀಕ್ಷೆ ಮಾಡಿದವರು ವರ್ಗವಾಗಿ ಹೋಗಿದ್ದರು. ಆ ಜಾಗದಲ್ಲಿ ಪಲ್ಲವಿ ಅನ್ನೋ ಚಿಕ್ಕ ವಯಸ್ಸಿನ ಮೇಡಂ. ಅಪಾಯಿಂಟ್‌ಮೆಂಟ್ ಇಲ್ಲ ಅಂದರೂ ಚಿನ್ನಮ್ಮ ಬಾಗಿಲು ಬಿಡಲಿಲ್ಲ. ಊಟದ ಹೊತ್ತಿಗೆ ಪಲ್ಲವಿಯೇ ಹೊರಗೆ ಬಂದಳು.

"ಒಳಗೆ ಬನ್ನಿ ಅಜ್ಜಿ, ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ ತಾಯಿ, ತಪ್ಪೊಪ್ಕೊಳಕ್ಕೆ ಬಂದಿವ್ನಿ. ಆ ನಲವತ್ನಾಲ್ಕು ಐತಲ್ಲ, ಅದು ನಂದು, ಮಗೀದಲ್ಲ. ನನ್ನೆಸ್ರಿಗೆ ಬರ್ಕೊಳಿ. ಮಗೀಗೆ ಬ್ಯಾರೆ ಕೊಡಿ."

ಪಲ್ಲವಿ ನಗಲಿಲ್ಲ. ಊಟದ ಡಬ್ಬಿ ಪಕ್ಕಕ್ಕಿಟ್ಟು ಎಲ್ಲ ಕೇಳಿಸಿಕೊಂಡಳು. ಹುಳು, ಸುಣ್ಣದ ಗುಂಡಿ, ತೊಡೆ ಕೆಳಗಿನ ಕೈ. ಹಳೇ ಕಾಗದವನ್ನು ತಿರುವಿ ನೋಡಿದಳು.

"ನಿಮ್ಮ ತಪ್ಪೊಂದೇ ಅಲ್ಲ ಅಜ್ಜಿ" ಅಂದಳು. "ಈ ಪರೀಕ್ಷೇಲಿ ಬಾಯಲ್ಲಿ ಕೇಳಿ ಬಾಯಲ್ಲೇ ಉತ್ತರ ಹೇಳೋದು ಜಾಸ್ತಿ. ಮಾತು ಕಮ್ಮಿ ಇರೋ ಮಕ್ಳಿಗೆ ಬುದ್ಧಿ ಅಳೆಯೋಕೆ ಹೋಗಿ ಮಾತನ್ನೇ ಅಳೆದ ಹಾಗಾಗತ್ತೆ. ಹೊಸ ಜಾಗ, ಹೊಸ ಮುಖ. ತಲೆ ಮೇಲೆ ಆ ಫ್ಯಾನ್ ಸದ್ದು ಬೇರೆ."

"ಅಂಗಾರೆ ಅವ್ರು ಬರ್ದಿದ್ದು ಸುಳ್ಳಾ?"

"ಸುಳ್ಳು ಅನ್ನೋಕಾಗಲ್ಲ. ಅವತ್ತು ಆ ಒಂದು ಗಂಟೇಲಿ ಅವಳಿಂದ ಈಚೆ ಬಂದಿದ್ದು ಅಷ್ಟು. ಒಳಗಿರೋದೇ ಅಷ್ಟು ಅಂತ ಅಲ್ಲ."

ಚಿನ್ನಮ್ಮನಿಗೆ ಇದು ತಟ್ಟನೆ ತಿಳಿಯಿತು. "ಗೂಡಿನ್ ಮಾರ್ಕೆಟ್ಟಲ್ಲೂ ಇಂಗೇ ತಾಯಿ. ಬಂದೋನು ತಟ್ಟೆ ಮೂಲೆಗೆ ಕೈ ಆಕಿ ಒಂದ್ ಹಿಡಿ ತಗೀತಾನೆ. ಕಿವಿ ತಾವ ಅಲ್ಲಾಡಿಸ್ತಾನೆ. ಆ ಹಿಡೀಲಿ ನಾಕು ಜೊಳ್ಳು ಸಿಕ್ತೋ, ಇಡೀ ಲಾಟೇ ಜೊಳ್ಳು ಅಂತ ಕೂಗ್ತಾನೆ. ಇನ್ನೊಂದ್ ಕಡೆ ಕೈ ಆಕಿ ನೋಡಪ್ಪ ಅಂತ ನಾವ್ ಕೈ ಮುಗೀಬೇಕು."

"ಹಾಗಾದ್ರೆ ಇನ್ನೊಂದು ಕಡೆ ಕೈ ಹಾಕಿ ನೋಡೋಣ" ಅಂದಳು ಪಲ್ಲವಿ.

ಫ್ಯಾನ್ ಆರಿಸಿದಳು. ಕವನಳನ್ನು ಮುಖ ನೋಡು ಅನ್ನಲಿಲ್ಲ. ಏನೇನು ಮಾಡಬೇಕು, ಯಾವುದು ಮುಗಿದ ಮೇಲೆ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದು ಮುಂದಿಟ್ಟಳು. ಕವನ ಚೀಟಿಯನ್ನು ಎರಡು ಸಲ ಓದಿ ಅಂಗೈ ಕೆಳಗೆ ಇಟ್ಟುಕೊಂಡಳು. ಬಣ್ಣದ ಮರದ ತುಂಡುಗಳನ್ನು ಚಿತ್ರದಲ್ಲಿದ್ದ ಹಾಗೆ ಜೋಡಿಸಿದಳು. ಸಾಲಿನಲ್ಲಿ ಬಿಟ್ಟುಹೋದ ಆಕಾರ ಯಾವುದು ಅಂತ ಬೆರಳಿಟ್ಟು ತೋರಿಸಿದಳು. ನಿಧಾನ, ಆದರೆ ತಡವರಿಕೆ ಇಲ್ಲ. ಎಲ್ಲ ಆದ ಮೇಲೆ ಪಲ್ಲವಿ ಬಾತುಕೋಳಿಯ ಚಿತ್ರ ತೆಗೆದಳು.

ಕೈ ತೊಡೆ ಕೆಳಗೆ ಹೋದವು.

ಪಲ್ಲವಿ ಅಜ್ಜಿಯ ಕಡೆ ನೋಡಿದಳು. ಎಣಿಸು ಅಂತ ಹೇಳಿಬಿಡುವುದು ಸುಲಭ ಇತ್ತು. ಆದರೆ ಒಂದು ಸಲ ಕೂಗಿ ಹೇಳಿದ್ದಕ್ಕೇ ಇಷ್ಟಾಗಿತ್ತು. ಚಿನ್ನಮ್ಮ ಮೊಮ್ಮಗಳ ಪಕ್ಕ ಮೆಲ್ಲಗೆ ಕೂತಳು.

"ಮಗಾ, ಇದು ಕಾಗ್ದ. ಇದ್ಕೆ ಉಸ್ರೈತಾ? ನೀನೇ ನೋಡಿ ಯೋಳು."

ಕವನ ಬಹಳ ಹೊತ್ತು ಯೋಚಿಸಿದಳು. ಆಮೇಲೆ ಒಂದು ಕೈ ಈಚೆ ತೆಗೆದು, ಬೆರಳ ಹಿಂಬದಿಯನ್ನು ಮೊದಲನೇ ಬಾತುಕೋಳಿಯ ಕೊಕ್ಕಿನ ಹತ್ತಿರ ಹಿಡಿದಳು. ಮಲಗಿದ ಮಗುವಿನ ಮೂಗಿಗೆ ಹಿಡಿಯುತ್ತಾರಲ್ಲ, ಹಾಗೆ. ಕಾದಳು. ಎರಡನೆಯದಕ್ಕೂ ಹಿಡಿದಳು. ಮೂರನೆಯದಕ್ಕೂ. ಒಂದನ್ನೂ ಬಿಡಲಿಲ್ಲ.

"ಉಸ್ರಿಲ್ಲ" ಅಂದಳು. "ಏಳು."

ಪಲ್ಲವಿ ಬರೆಯುವುದು ಬಿಟ್ಟು ಕಿಟಕಿಯಾಚೆ ನೋಡಿದಳು.

ಎರಡನೇ ದಿನದ ಸಂಜೆ ಅವಳು ಕಾಗದ ಕೊಟ್ಟಳು. ಕನ್ನಡದಲ್ಲಿ ಬರೆದಿದ್ದಳು. "ಪಾಸಾ ತಾಯಿ?" ಅಂತ ಚಿನ್ನಮ್ಮ ಕೇಳಿಯೇ ಕೇಳಿದಳು, ತಡೆಯಲಾಗಲಿಲ್ಲ.

"ಇದ್ರಲ್ಲಿ ಪಾಸು ಫೇಲು ಇಲ್ಲ ಅಜ್ಜಿ. ಕಣ್ಣಲ್ಲಿ ನೋಡಿ ಯೋಚನೆ ಮಾಡೋದ್ರಲ್ಲಿ ತೊಂಬತ್ತೆರಡು. ಮಾತಲ್ಲಿ ಐವತ್ತೆಂಟು. ಎರಡನ್ನೂ ಕಲಸಿ ಒಂದೇ ನಂಬರ್ ಮಾಡಿದ್ರೆ ಅದು ಯಾರ್ದೋ ಆಗತ್ತೆ, ಕವನಂದಾಗಲ್ಲ. ಅದಕ್ಕೇ ಒಟ್ಟು ನಂಬರ್ ಬರೆದಿಲ್ಲ, ಯಾಕೆ ಬರೆದಿಲ್ಲ ಅಂತ ಬರೆದಿದೀನಿ. ಇನ್ನೊಂದು ಮಾತು. ತೊಂಬತ್ತೆರಡು ಬಂತು ಅಂತ ಅವಳಿಗೆ ಕಷ್ಟ ಇಲ್ಲ ಅಂದ್ಕೋಬೇಡಿ. ರಸ್ತೆ ದಾಟೋದು, ಜನದ ಮಧ್ಯೆ ಇರೋದು, ಅದಕ್ಕೆಲ್ಲ ಜೊತೆ ಬೇಕೇ ಬೇಕು. ಕಮ್ಮಿ ಇದೆ ಅಂತ ಕಲಿಸೋದು ಬಿಡಬಾರ್ದು, ಜಾಸ್ತಿ ಇದೆ ಅಂತ ಕೈ ಬಿಡಬಾರ್ದು."

ಮನೆಗೆ ಬಂದರೆ ಹುಳುವಿನ ಮನೆಯ ಬಾಗಿಲಲ್ಲಿ ಶಿವಮೂರ್ತಿ, ಮಾದು, ಮಾದುವಿನ ಹೆಂಡತಿ ಮೂವರೂ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದರು. ಚಂದ್ರಿಕೆಗಳು ಬೆಳ್ಳಗಾಗುತ್ತಿದ್ದವು. ಒಂದಿಷ್ಟು ಹುಳು ತಡವಾಗಿ ತಟ್ಟೆಯಲ್ಲೇ ನೂಲು ಬಿಟ್ಟು ಕೆಟ್ಟಿದ್ದವು. "ಎಷ್ಟೋದ್ವು ಅಂತ ಕೇಳ್ಬೇಡ ಚಿನ್ನಕ್ಕ" ಅಂದ ಮಾದು. "ಕೇಳಲ್ಲ ಕಣಪ್ಪ" ಅಂದಳು ಚಿನ್ನಮ್ಮ.

ಸೋಮವಾರ ನಂಜುಂಡೇಶ್ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಒಟ್ಟು ನಂಬರ್ ಎಲ್ಲಿ?"

"ಅದ್ಯಾಕಿಲ್ಲ ಅಂತ ಬರ್ದವ್ರೆ, ಓದಿ ಸಾ."

ಓದಿದರು. ಕೆಳಗೆ ಶಾಲೆಗೆ ಅಂತಲೇ ನಾಲ್ಕು ಸಾಲು ಇದ್ದವು. ಮಾಡಬೇಕಾದ್ದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ. ಉತ್ತರಕ್ಕೆ ಹೊತ್ತು ಕೊಡಿ. ಗಂಟೆ ಹೊಡೆಯೋ ಮೊದಲು ಅವಳಿಗೆ ತಿಳಿಸಿ. ಸುಮ್ಮನಿದ್ದಾಳೆ ಅಂದರೆ ಗೊತ್ತಿಲ್ಲ ಅಂದುಕೊಳ್ಳಬೇಡಿ, ಕಾರಣ ಹುಡುಕಿ.

"ಇದಕ್ಕೆ ಎಂಟು ಜನ ಮೇಷ್ಟ್ರು ಬೇಕಾಗಿಲ್ಲ" ಅಂದರು ನಂಜುಂಡೇಶ್, ತಮಗೆ ತಾವೇ ಅನ್ನೋ ಹಾಗೆ. "ಒಂದು ತಿಂಗಳು ನೋಡೋಣವ್ವ. ಆಗಲಿಲ್ಲ ಅಂದ್ರೆ ಹಾಸ್ಟೆಲ್ ವಿಚಾರ."

ಆ ತಿಂಗಳು ಚಿನ್ನಮ್ಮನಿಗೆ ಮೂವತ್ತೆಂಟು ವರ್ಷಕ್ಕಿಂತ ಉದ್ದ. ಮೊದಲ ವಾರ ಕವನ ಎರಡು ಸಲ ಗೇಟಿನವರೆಗೂ ಓಡಿ ಬಂದಿದ್ದಳು. ಆಮೇಲೆ ಗಂಟೆಗೆ ಮೊದಲು ಹೇಳುವುದನ್ನು ಮೇಷ್ಟ್ರುಗಳು ರೂಢಿ ಮಾಡಿಕೊಂಡರು, ಓಟ ನಿಂತಿತು.

ತಿಂಗಳು ತುಂಬಲು ಎರಡು ದಿನ ಇದ್ದಾಗ ಕವನ ಊಟದ ತಟ್ಟೆ ಮನೆಯಲ್ಲೇ ಮರೆತು ಹೋದಳು. ತಟ್ಟೆ ಸೆರಗಲ್ಲಿ ಹಿಡಿದು ಚಿನ್ನಮ್ಮ ಹೈಸ್ಕೂಲಿಗೆ ಬರೋ ಹೊತ್ತಿಗೆ ಬಿಸಿಯೂಟದ ಸಮಯ. ಎಂಟನೇ ಕ್ಲಾಸಿನ ಮಕ್ಕಳು ಮುಂದೆ ಒಂದೊಂದು ತಟ್ಟೆ ಇಟ್ಟುಕೊಂಡು ನೆಲಕ್ಕೆ ಸಾಲಾಗಿ ಕೂತಿದ್ದರು. ಕ್ಲಾಸ್ ಮೇಷ್ಟ್ರು ರಜೆ, ನಂಜುಂಡೇಶ್ ಅವರೇ ನಿಂತಿದ್ದರು.

"ಕವನಾ, ಎಷ್ಟು ಜನ ಇದೀರ ಎಣಿಸಿ ಅಡುಗೆಯವರಿಗೆ ಹೇಳಮ್ಮ" ಅಂದರು ಪ್ರೀತಿಯಿಂದಲೇ.

ಬಾಗಿಲಿಗೆ ಬಂದ ಚಿನ್ನಮ್ಮ ಸೆರಗಿನಿಂದ ತಟ್ಟೆ ಈಚೆ ತೆಗೆದವಳು ಒಳಗೆ ಕಾಲಿಡಲಿಲ್ಲ. ಇವಕ್ಕೆ ಉಸಿರುಂಟು. ಕವನಳ ಕೈ ಎರಡೂ ತೊಡೆಯ ಕೆಳಗೆ ಹೋದವು. ಕ್ಲಾಸು ನೋಡುತ್ತಾ ಇತ್ತು. ನಂಜುಂಡೇಶ್ ಇನ್ನೊಂದು ಸಲ ಹೇಳಲು ಬಾಯಿ ತೆರೆದವರು ಕಾಗದದ ಸಾಲು ನೆನಪಾಯಿತೋ ಏನೋ, ಕಾದರು.

ಕವನ ಎದ್ದಳು. ಒಬ್ಬರ ಮುಖವನ್ನೂ ನೋಡದೆ, ತಲೆ ತಗ್ಗಿಸಿ, ಸಾಲಿನ ಉದ್ದಕ್ಕೂ ನಡೆದಳು. ಬೆರಳು ಹೋಗುತ್ತಿದ್ದದ್ದು ನೆಲದ ಮೇಲಿನ ತಟ್ಟೆಗಳ ಕಡೆಗೆ. ಕೊನೆಗೆ ಬಂದು ನಿಂತು, "ನಲವತ್ತು ತಟ್ಟೆ" ಅಂದಳು.

ನಂಜುಂಡೇಶ್ ಹಾಜರಿ ಪುಸ್ತಕ ನೋಡಿದರು. ಮಕ್ಕಳು ನಲವತ್ತೊಂದು.

ಅಷ್ಟರಲ್ಲಿ ಕವನ ಬಾಗಿಲ ಕಡೆ ತಿರುಗಿದಳು. ಅಜ್ಜಿ ಕಂಡಳು, ಅಜ್ಜಿಯ ಕೈಯಲ್ಲಿ ತನ್ನ ತಟ್ಟೆ ಕಂಡಿತು.

"ನಲವತ್ತೊಂದು" ಅಂದಳು.

"ಸರಿಯಾಗಿದೆ" ಅಂದರು ನಂಜುಂಡೇಶ್. "ಅಡುಗೆಯವರಿಗೆ ಹೇಳಿ ಬಾರಮ್ಮ. ನಾಳೆಯಿಂದ ಇದು ನಿನ್ನ ಕೆಲಸ." ಆಮೇಲೆ ಚಿನ್ನಮ್ಮನ ಕಡೆ ನೋಡಿ, "ತಟ್ಟೆ ಕೊಟ್ಟು ಹೋಗಿ ಅವ್ವ. ಹಾಸ್ಟೆಲ್ ಮಾತಿಗೆ ಅಂತ ನಾಡಿದ್ದು ನೀವು ಬರೋದೇನೂ ಬೇಡ" ಅಂದರು.

ಕವನ ತಟ್ಟೆ ಇಸಕೊಂಡು ಗೋಡೆಯ ಗಡಿಯಾರ ನೋಡಿದಳು. "ಅಜ್ಜಿ, ನಾಲ್ಕು ಗಂಟೆ ಸೊಪ್ಪು."

"ಓಯ್ತಿವ್ನಿ ಕಣವ್ವ, ಓಯ್ತಿವ್ನಿ" ಅಂತ ಚಿನ್ನಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಬಸ್ಸಿಗೆ ಹೊರಟಳು.